ದೊಡ್ಡ ಕುರ್ಚಿ, ಪುಟ್ಟ ಹುಡುಗಿ

ಮಕ್ಕಳೇ, 24 ವರ್ಷದ ನಟಿಯನ್ನು ತೆರೆಯ ಮೇಲೆ 11 ವರ್ಷದ ಹುಡುಗಿಯಾಗಿ ತೋರಿಸಬೇಕು. ಕಂಪ್ಯೂಟರ್ ಇಲ್ಲದ ಕಾಲ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಮೋರಿಸ್ ಟೂರ್ನ್ಯೂರ್ ಎಂಬ ನಿರ್ದೇಶಕರು ಮನೆಯ ಬಾಗಿಲು, ಕುರ್ಚಿ, ಮೇಜುಗಳನ್ನು ಮಾಮೂಲಿಗಿಂತ ದೊಡ್ಡದಾಗಿ ಮಾಡಿಸಿದರು. ಅವುಗಳ ನಡುವೆ ನಿಂತ ಮೇರಿ ಪಿಕ್‌ಫೋರ್ಡ್ ಪುಟ್ಟ ಹುಡುಗಿಯಂತೆಯೇ ಕಂಡರು! ಆ ಮೂಕಿ ಚಿತ್ರ 'ದಿ ಪೂರ್ ಲಿಟ್ಲ್ ರಿಚ್ ಗರ್ಲ್' 1917ರಲ್ಲಿ ಬಿಡುಗಡೆಯಾಗಿ ಭಾರಿ ಯಶಸ್ಸು ಕಂಡಿತು.

ಈ ಜಾಣ್ಮೆ ಅವರಿಗೆ ಎಲ್ಲಿಂದ ಬಂತು? ಪ್ಯಾರಿಸ್‌ನಲ್ಲಿ ಹುಟ್ಟಿದ ಟೂರ್ನ್ಯೂರ್ ಮೊದಲು ಚಿತ್ರ ಬರೆಯುತ್ತಿದ್ದರು. ಪ್ರಸಿದ್ಧ ಶಿಲ್ಪಿ ರೋಡಾನ್ ಅವರ ಬಳಿ ಸಹಾಯಕರಾಗಿದ್ದರು. ಬಳಿಕ ನಾಟಕರಂಗ ಸೇರಿ ನಟನೆ, ನಿರ್ದೇಶನ ಕಲಿತರು. ಬೆಳಕು, ನೆರಳು, ಪರದೆಗಳ ಗುಟ್ಟು ತಿಳಿದದ್ದು ಹೀಗೆ. 1914ರಲ್ಲಿ ಅಮೆರಿಕಕ್ಕೆ ಹೋದರು. ಆಗ ನ್ಯೂಜೆರ್ಸಿಯ ಫೋರ್ಟ್ ಲೀ ಊರು ಸಿನಿಮಾ ತಯಾರಿಕೆಗೆ ಹೆಸರಾಗಿತ್ತು. ಅಲ್ಲಿ ಫ್ರಾನ್ಸಿನದೇ ಒಂದು ಕಂಪನಿಯ ಸ್ಟುಡಿಯೊದಲ್ಲಿ ಕೆಲಸ ಆರಂಭಿಸಿದರು.

1918ರಲ್ಲಿ ಅವರು 'ದಿ ಬ್ಲೂ ಬರ್ಡ್' ಚಿತ್ರ ಮಾಡಿದರು. ಸುಖದ ನೀಲಿ ಹಕ್ಕಿಯನ್ನು ಹುಡುಕಿ ಹೊರಟ ಅಣ್ಣ ತಂಗಿಯ ಕಥೆ ಅದು. ಅದರಲ್ಲಿ ಬ್ರೆಡ್ಡು, ಹಾಲು, ಸಕ್ಕರೆ, ಬೆಂಕಿಗಳೂ ಜೀವ ತಳೆದು ಮಾತಾಡುತ್ತವೆ. ಊರೂರು ಅಲೆದ ಮಕ್ಕಳಿಗೆ ಕೊನೆಗೆ ಹಕ್ಕಿ ಸಿಕ್ಕಿದ್ದು ತಮ್ಮ ಮನೆಯಲ್ಲೇ! ಆದರೆ ಬಣ್ಣ ಬಳಿದ ಪರದೆಗಳ ಆ ಮಾಯಾಲೋಕ ಅಂದಿನ ಪ್ರೇಕ್ಷಕರಿಗೆ ರುಚಿಸಲಿಲ್ಲ. ಚಿತ್ರ ಸೋತಿತು.

ಟೂರ್ನ್ಯೂರ್ ಹಟವಾದಿ. ಪಿಕ್‌ಫೋರ್ಡ್ ಚಿತ್ರಕ್ಕೆ ಕೆಸರೆರಚಾಟದಂಥ ತಮಾಷೆ ದೃಶ್ಯಗಳನ್ನು ಸೇರಿಸಿದಾಗ ಅವರು ಒಪ್ಪಿರಲಿಲ್ಲ. ಜನ ಮಾತ್ರ ಅವನ್ನು ನೋಡಿ ನಕ್ಕು ನಲಿದರು. ಅಲ್ಲಿ ಅವರ ಹಟ ತಪ್ಪಾಗಿತ್ತು. ಆದರೆ ಅದೇ ಹಟ ಮುಂದೆ ಅವರ ಸ್ವಾಭಿಮಾನವನ್ನೂ ಕಾಯಿತು. ಹಾಲಿವುಡ್‌ನಲ್ಲಿ 'ದಿ ಮಿಸ್ಟೀರಿಯಸ್ ಐಲ್ಯಾಂಡ್' ಚಿತ್ರೀಕರಣಕ್ಕೆ ಕಂಪನಿಯವರು ಮೇಲ್ವಿಚಾರಕರನ್ನು ನೇಮಿಸಿದರು. ತಮ್ಮ ಕೆಲಸದಲ್ಲಿ ಇನ್ನೊಬ್ಬರು ಕೈಹಾಕುವುದನ್ನು ಟೂರ್ನ್ಯೂರ್ ಸಹಿಸಲಿಲ್ಲ. ಚಿತ್ರವನ್ನು ಅರ್ಧಕ್ಕೇ ಬಿಟ್ಟು ಯುರೋಪಿಗೆ ಮರಳಿದರು. ಅಲ್ಲಿ ಮಾತಿನ ಚಿತ್ರಗಳನ್ನೂ ಮಾಡಿದರು. 1961ರಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡರು.

ಅವರು ಅಮೆರಿಕದಲ್ಲಿ ಬಿಟ್ಟುಬಂದ ವಿದ್ಯೆ ಮಾತ್ರ ಅಲ್ಲೇ ಬೆಳೆಯಿತು. ಅವರ ಸಹಾಯಕರಾಗಿದ್ದ ಕ್ಲಾರೆನ್ಸ್ ಬ್ರೌನ್ ಮತ್ತು ಮಗ ಜಾಕ್ ಟೂರ್ನ್ಯೂರ್ ಇಬ್ಬರೂ ಹಾಲಿವುಡ್‌ನ ಹೆಸರಾಂತ ನಿರ್ದೇಶಕರಾದರು.

ಮತ್ತೆ ಆ ನೀಲಿ ಹಕ್ಕಿ? ಸೋತ ಆ ಚಿತ್ರವನ್ನು ಅಮೆರಿಕ 2004ರಲ್ಲಿ ಕಾಪಾಡಬೇಕಾದ ರಾಷ್ಟ್ರೀಯ ಚಿತ್ರಗಳ ಪಟ್ಟಿಗೆ ಸೇರಿಸಿಕೊಂಡಿತು.