ಮನಃಶಾಸ್ತ್ರವೂ ನಮ್ಮ ಹೆಣ್ಣುಮಕ್ಕಳ ಮುಂದಿನ ದಾರಿಯೂ

ಕೊಳ್ಳೇಗಾಲದ ರೇಷ್ಮೆ ವರ್ತಕರೊಬ್ಬರು ಈಚೆಗೆ ನಮ್ಮ ಕಾರ್ಯಾಲಯಕ್ಕೆ ದಯಮಾಡಿಸಿದ್ದರು. ಅವರ ಮಗಳು ಮನಃಶಾಸ್ತ್ರದಲ್ಲಿ ಎಂ.ಎ. ಮುಗಿಸಿ, ಮುಂದೆ ವಿಶ್ವವಿದ್ಯಾನಿಲಯದಲ್ಲಿ ಸಂಶೋಧನೆ ಮಾಡುವೆನೆಂದು ಹಟ ಹಿಡಿದಿರುವಳಂತೆ. "ಸ್ವಾಮಿ, ಓದಿಸುವುದಕ್ಕೆ ನಾನು ಹಿಂದೆಗೆದವನಲ್ಲ. ಆದರೆ ಹುಚ್ಚರ ವಿದ್ಯೆಯಲ್ಲಿ ಇನ್ನೂ ಐದಾರು ವರ್ಷ ಕಳೆದರೆ ಆ ಹುಡುಗಿಗೆ ಗಂಡು ಸಿಕ್ಕುವುದೆಲ್ಲಿ, ಕೆಲಸ ಸಿಕ್ಕುವುದೆಲ್ಲಿ?" ಎಂದು ಅವರು ಕೇಳಿದರು. ಈ ಪ್ರಶ್ನೆ ಒಬ್ಬ ತಂದೆಯದಲ್ಲ. ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಅನೇಕ ಗೃಹಸ್ಥರದು. ಆದುದರಿಂದ ಬಹಿರಂಗವಾಗಿಯೇ ಉತ್ತರ ಕೊಡುವುದು ಯುಕ್ತವೆಂದು ಭಾವಿಸಿದ್ದೇವೆ.

ಈ ಶಾಸ್ತ್ರವು ನಮ್ಮ ನಾಡಿಗೆ ನಿನ್ನೆ ಮೊನ್ನೆ ಬಂದುದಲ್ಲ. 1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯವು 1924ರಲ್ಲಿಯೇ ಮನಃಶಾಸ್ತ್ರ ವಿಭಾಗವನ್ನು ತೆರೆಯಿತು. ಲಂಡನ್ನಿನಲ್ಲಿ ಸ್ಪಿಯರ್‌ಮನ್ನರ ಬಳಿ ಅಭ್ಯಾಸ ಮಾಡಿ ಬಂದ ಎಂ. ವಿ. ಗೋಪಾಲಸ್ವಾಮಿಯವರು ಅದನ್ನು ಕಟ್ಟಿ ಬೆಳೆಸಿದರು. ಅತ್ತ ಮುಂಬಯಿ ಕರ್ನಾಟಕದಲ್ಲಿ ವಿ. ವಿ. ಕಾಮತರು ಬಿನೆಯ ಬುದ್ಧಿಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿ 1940ರಲ್ಲಿ ಪ್ರಕಟಿಸಿದರು. ಮನಸ್ಸನ್ನು ಅಳೆಯುವ ಕೋಲು ಆಯಾ ಜನರ ಮಾತಿನಲ್ಲಿಯೇ ಇರಬೇಕೆಂಬುದನ್ನು ನಮ್ಮವರು ಅಷ್ಟು ಹಿಂದೆಯೇ ಕಂಡುಕೊಂಡಿದ್ದರು.

ಆದರೆ ಶಾಸ್ತ್ರವು ಊರಿನಲ್ಲಿರುವುದು ಬೇರೆ, ನೊಂದವರ ಬಾಗಿಲಿಗೆ ಬರುವುದು ಬೇರೆ. ಯಳಂದೂರು ತಾಲ್ಲೂಕಿನ ಅಗರದಲ್ಲಿ 1898ರಲ್ಲಿ ಜನಿಸಿದ ನಾಟಕಕಾರ ಸಂಸರನ್ನು ವಾಚಕರು ಬಲ್ಲರು. ಮೈಸೂರು ಅರಸರ ಚರಿತ್ರೆಯನ್ನು ರಂಗಕ್ಕೆ ತಂದ ಆ ಪ್ರತಿಭಾಶಾಲಿ, ಪೊಲೀಸರು ತಮ್ಮನ್ನು ಬೆನ್ನಟ್ಟಿರುವರೆಂಬ ಭೀತಿಯಲ್ಲಿ ಬೆಂದು, 1939ರಲ್ಲಿ ಮೈಸೂರಿನಲ್ಲಿಯೇ ತಮ್ಮ ಜೀವವನ್ನು ತಾವೇ ಕೊನೆಗಾಣಿಸಿಕೊಂಡರು. ಅದೇ ನಗರದಲ್ಲಿ ಮನಃಶಾಸ್ತ್ರ ವಿಭಾಗಕ್ಕೆ ಆಗ ಹದಿನೈದು ವರ್ಷ ತುಂಬಿತ್ತು. ಆ ಕಾಲದಲ್ಲಿ ಇಂದಿನ ಔಷಧಗಳಿರಲಿಲ್ಲ. ಯಾರನ್ನೂ ದೂಷಿಸುವುದು ನಮ್ಮ ಉದ್ದೇಶವಲ್ಲ. ಇಂದಿಗೂ ಆ ದೂರ ಸವೆದಿಲ್ಲವೆಂಬುದೇ ನಮ್ಮ ವ್ಯಥೆ.

ಇದೇ ವಿಶ್ವವಿದ್ಯಾನಿಲಯದಲ್ಲಿ ಮನಃಶಾಸ್ತ್ರವನ್ನೋದಿ 1947ರಲ್ಲಿ ಪದವಿ ಪಡೆದ ಅನಸೂಯಾ ಎಂಬ ತರುಣಿಯೇ ಮುಂದೆ ತ್ರಿವೇಣಿ ಎಂಬ ಹೆಸರಿನಿಂದ ಮನೆಮಾತಾದರು. ಅವರ ವಿದ್ಯೆ ಪ್ರಯೋಗಶಾಲೆಗೆ ಸಲ್ಲದೆ ಕಾದಂಬರಿಗೆ ಸಂದಿತು. 'ಶರಪಂಜರ'ದ ಕಾವೇರಿ ಬಾಣಂತನದಲ್ಲಿ ಚಿತ್ತಸ್ವಾಸ್ಥ್ಯ ಕಳೆದುಕೊಂಡು, ಚಿಕಿತ್ಸೆಯಿಂದ ಗುಣಮುಖಳಾಗಿ ಮನೆಗೆ ಬರುತ್ತಾಳೆ; ಆದರೆ ಗುಣವಾಗಿದ್ದಾಳೆಂದು ನಂಬುವವರು ಅವಳಿಗೆ ಸಿಗುವುದಿಲ್ಲ. ಆಸ್ಪತ್ರೆ ವಾಸಿಮಾಡಿದವಳನ್ನು ಸಂಸಾರವೇ ಮರಳಿ ಕೆಡವುತ್ತದೆ. 1963ರಲ್ಲಿ, ಇನ್ನೂ ಮೂವತ್ತೈದು ತುಂಬುವ ಮೊದಲೇ, ತ್ರಿವೇಣಿಯವರು ತೀರಿಕೊಂಡರು. ವಿದ್ಯಾವತಿಯೊಬ್ಬಳು ಹೆಣ್ಣಿನ ಮನಸ್ಸನ್ನು ಹೆಣ್ಣಿನ ಕಣ್ಣಿನಿಂದ ನೋಡಿದರೆ ಎಷ್ಟು ಬೆಳಕು ಬೀಳುವುದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಈಗ ನಮ್ಮ ಸೀಮೆಯನ್ನು ನೋಡೋಣ. 1956ರವರೆಗೆ ಕೊಳ್ಳೇಗಾಲವು ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ಹನೂರು ಆಗ ಅದರ ಭಾಗ. ನೆರೆಯ ಮೈಸೂರಿನ ವಿದ್ಯಾಸಂಸ್ಥೆಗಳು ನಮಗೆ ಪರರಾಜ್ಯದವಾಗಿದ್ದವು. ಆ ಗಡಿ ಅಳಿದು ಏಳು ದಶಕಗಳಾಗುತ್ತ ಬಂದರೂ ಮಲೆಯ ಹಳ್ಳಿಗಳಲ್ಲಿ ನಿದ್ದೆಗೆಟ್ಟು ಅಳುವ ಬಾಣಂತಿಗೆ ಇಂದಿಗೂ 'ಗಾಳಿ ಸೋಕಿದೆ' ಎನ್ನುವವರಿದ್ದಾರೆ. ಮಾದಪ್ಪನಿಗೆ ಹರಕೆ ಕಟ್ಟುವುದನ್ನು ನಾವು ಹಳಿಯುವುದಿಲ್ಲ. ಹರಕೆಯ ಜೊತೆಗೆ ಚಿಕಿತ್ಸೆಯೂ ಬೇಕು. ಅತ್ತೆಯ ಎದುರಿನಲ್ಲಿ ಗಂಡಸು ವೈದ್ಯನಿಗೆ ಆ ಹೆಣ್ಣು ಏನನ್ನು ತಾನೇ ಹೇಳಿಯಾಳು? ಬಿಳಿಗಿರಿರಂಗನ ಬೆಟ್ಟದ ಸೋಲಿಗ ತಾಯಿಯ ಮಾತನ್ನು ಪಟ್ಟಣದ ಪ್ರಶ್ನಾವಳಿ ತಿಳಿದೀತೆ? ನಿಮ್ಹಾನ್ಸ್ ಸಂಸ್ಥೆಯವರು 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಂತೆ, ಮಾನಸಿಕ ವ್ಯಾಧಿಯುಳ್ಳ ನೂರು ಮಂದಿಯಲ್ಲಿ ಎಂಬತ್ತಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ವರ್ತಕ ಮಹಾಶಯರು ಕೇಳಿದ ಕೆಲಸ ಇಲ್ಲಿಯೇ ಇದೆ, ಮಾಡುವವರಿಲ್ಲ.

ಆದರೆ ಎಂ.ಎ. ಪದವಿಯೊಂದರಿಂದಲೇ ಚಿಕಿತ್ಸೆಯ ಅಧಿಕಾರ ಬರುವುದಿಲ್ಲ. ಆಸ್ಪತ್ರೆಯಲ್ಲಿ ತರಬೇತಿ ಪಡೆದು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಳ್ಳಬೇಕು. ಸಂಶೋಧನೆಗೂ ಕನಿಷ್ಠ ಮೂರು ವರ್ಷ ಬೇಕು. ಮದುವೆಯೂ ಮಕ್ಕಳೂ ಬರುವುದು ಈ ವರ್ಷಗಳಲ್ಲಿಯೇ. ಇದನ್ನರಿತೇ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2022ರ ನಿಯಮಗಳು, ಪಿಎಚ್.ಡಿ.ಗೆ ಇತರರಿಗೆ ಒಟ್ಟು ಎಂಟು ವರ್ಷಗಳ ಮಿತಿಯಿಟ್ಟರೆ ಸ್ತ್ರೀಯರಿಗೆ ಹತ್ತು ವರ್ಷಗಳವರೆಗೆ ಅವಕಾಶವಿತ್ತಿವೆ. ಪ್ರಸೂತಿ ಮತ್ತು ಶಿಶುಪಾಲನೆಗೆ 240 ದಿನಗಳ ರಜೆಯನ್ನೂ ಕೊಟ್ಟಿವೆ. ನಿಯಮ ಕೊಟ್ಟ ಕಾಲವನ್ನು ಮನೆ ಕಿತ್ತುಕೊಂಡರೆ ಫಲವೇನು?

ಅಧಿಕಾರಿವರ್ಗದವರಿಗೂ ನಮ್ಮ ವಿಜ್ಞಾಪನೆಯಿದೆ. 2023ರಲ್ಲಿ ಕಾರ್ಯಾರಂಭ ಮಾಡಿದ ಚಾಮರಾಜನಗರ ವಿಶ್ವವಿದ್ಯಾನಿಲಯವು ಸ್ವತಂತ್ರವಾಗಿ ಉಳಿಯಲಿ, ಮಾತೃಸಂಸ್ಥೆಯಲ್ಲಿ ಸೇರಲಿ, ಈ ಮೂರು ತಾಲ್ಲೂಕುಗಳ ಸ್ತ್ರೀಯರ ಮನಃಸ್ವಾಸ್ಥ್ಯವನ್ನು ಇಲ್ಲಿನ ಹೆಣ್ಣುಮಕ್ಕಳೇ ಸಂಶೋಧಿಸುವ ಏರ್ಪಾಡಾಗಲಿ. ಅವರಿಗೆ ತಿಂಗಳು ತಿಂಗಳಿಗೆ ತಪ್ಪದೆ ವೇತನ, ಸುರಕ್ಷಿತ ವಸತಿ, ಎಳೆಯ ಮಕ್ಕಳನ್ನು ನೋಡಿಕೊಳ್ಳುವ ಶಿಶುವಿಹಾರ, ಕಲಿತ ಬಳಿಕ ತಾಲ್ಲೂಕು ಆಸ್ಪತ್ರೆಯಲ್ಲಿ ಖಾಯಂ ಹುದ್ದೆ, ಇವು ದೊರೆಯಲಿ. ಅತಿಥಿ ಉಪನ್ಯಾಸಕಿಯ ಅರೆಹೊಟ್ಟೆಯ ಗೌರವಧನದಿಂದ ಯಾವ ಶಾಸ್ತ್ರವೂ ಬೆಳೆಯದು.

ಇನ್ನು ವರ್ತಕ ಮಹಾಶಯರಿಗೆ ಒಂದು ಮಾತು. ನಿಮ್ಮ ಮಗಳು ಕಲಿಯಹೊರಟಿರುವುದು ಹುಚ್ಚರ ವಿದ್ಯೆಯಲ್ಲ. ಪ್ರತಿ ಮನೆಯ ಒಳಕೋಣೆಯ ವಿದ್ಯೆ. ರೇಷ್ಮೆಯ ಸಿಕ್ಕು ಬಿಡಿಸುವುದಕ್ಕೆ ಎಷ್ಟು ತಾಳ್ಮೆ ಬೇಕೆಂಬುದನ್ನು ನೀವು ಬಲ್ಲಿರಿ. ಅಷ್ಟು ತಾಳ್ಮೆಯನ್ನು ಆಕೆಯ ವಿಷಯದಲ್ಲಿಯೂ ತೋರಿಸಿರಿ. ನಾಳೆ ಅಗರದಂತಹ ಊರಿನಲ್ಲಿ ಮತ್ತೊಬ್ಬ ಸಂಸರು ಭಯದಿಂದ ತತ್ತರಿಸಿದಾಗ ಬಾಗಿಲು ತಟ್ಟಿ ಒಳಗೆ ಹೋಗತಕ್ಕವಳು ಅವಳೇ ಆಗಿರಬಹುದು.