ಸಾಕುನಾಯಿಗೆ ಸ್ಪ್ಯಾನಿಷ್ ಹೆಸರು
ಪ್ರಶ್ನೆ: ನಾಯಿಗೆ ಸ್ಪ್ಯಾನಿಷ್ ಹೆಸರು ಇಡುವುದಾದರೆ ಅದು ಹೇಗಿರಬೇಕು?

ಉತ್ತರ: ನಾಯಿಯು ಹೆಸರನ್ನು ಗುರುತಿಸುವುದು ಧ್ವನಿಯಿಂದಲೇ ಆದುದರಿಂದ ಎರಡಕ್ಷರದ, ಸ್ವರಾಂತವಾದ, ಎಂದರೆ ಸ್ವರದಲ್ಲಿ ಕೊನೆಗೊಳ್ಳುವ ಹೆಸರು ಕರೆಯಲು ಅನುಕೂಲ. ತೋಳವೆಂಬ ಅರ್ಥದ ‘ಲೋಬೊ’, ಚಂದ್ರನೆಂಬ ಅರ್ಥದ ‘ಲೂನಾ’ ಇವೆರಡೂ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲಗಳ ಮಾತಿಗೆ ಸುಲಭವಾಗಿ ಒಗ್ಗುತ್ತವೆ. ಆದರೆ ಇದೇ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ, ಕ್ರಿ.ಶ. ಸುಮಾರು 950ರ ವೀರಗಲ್ಲು, ಎಂದರೆ ಹೋರಾಡಿ ಮಡಿದವರ ಸ್ಮಾರಕಶಿಲೆ, ಗಂಗ ದೊರೆ ಇಮ್ಮಡಿ ಬೂತುಗನ ವೀರನಾದ ಮಣಲೆರನು ಮೆಚ್ಚುಗೆಯ ಕೊಡುಗೆಯಾಗಿ ಬೇಡಿ ಪಡೆದ ‘ಕಾಳಿ’ ಎಂಬ ಬೇಟೆನಾಯಿಯು ಕಾಡುಹಂದಿಯೊಡನೆ ಸೆಣಸಿ, ಎರಡೂ ಒಟ್ಟಿಗೇ ಸತ್ತುದನ್ನು ದಾಖಲಿಸಿ, ಆ ಕಾದಾಟವನ್ನು ಶಿಲ್ಪದಲ್ಲಿಯೂ ತೋರಿಸುತ್ತದೆ. ಸ್ಪ್ಯಾನಿಷ್ ಹೆಸರಿನಲ್ಲಿ ದೋಷವೇನೂ ಇಲ್ಲ. ಆದರೂ ಸಾವಿರ ವರ್ಷಕ್ಕೂ ಹಳೆಯದಾದ ‘ಕಾಳಿ’ಯನ್ನು ಓದುಗರು ಮೊದಲು ಪರಿಗಣಿಸಬೇಕು.