ತಿಂಡಿಯ ತಟ್ಟೆಯಲ್ಲಿ ಬೆಸೆದ ಬಾಂಧವ್ಯ

ಬೆಳಗಿನ ಹೊತ್ತು ಇಬ್ಬರು ಕನ್ನಡಿಗರು ಎದುರಾದರೆ ಕುಶಲ ಪ್ರಶ್ನೆಗಿಂತ ಮೊದಲು ಬರುವ ಪ್ರಶ್ನೆ ‘ತಿಂಡಿ ಆಯಿತೇ?’ ಎಂಬುದು. ಊರು ಬಿಟ್ಟು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳಲ್ಲಿ ನೆಲೆಸಿ ಎರಡು ಮೂರು ತಲೆಮಾರುಗಳು ಕಳೆದರೂ ನಮ್ಮ ಮನೆಗಳಲ್ಲಿ ಈ ಪ್ರಶ್ನೆ ಉಳಿದುಕೊಂಡಿದೆ. ಉತ್ತರ ಮಾತ್ರ ದಿನಕ್ಕೊಂದು ಬಗೆ. ಒಂದು ದಿನ ಇಡ್ಲಿ, ಮರುದಿನ ಕಾಂದಾ ಪೋಹೆ, ಭಾನುವಾರ ಛೋಲೆ ಪೂರಿ, ಸಂಜೆಗೆ ಸಮೋಸ ಇಲ್ಲವೇ ವಡಾ ಪಾವ್.

ಇತ್ತೀಚೆಗೆ ನಮ್ಮ ಪರಿಚಿತರೊಬ್ಬರ ಮನೆಗೆ ಹೋಗಿದ್ದಾಗ ಅವರ ಮೊಮ್ಮಗಳು ತಟ್ಟೆಯಲ್ಲಿದ್ದ ಇಡ್ಲಿಯನ್ನು ಮುರಿಯುತ್ತಾ, “ಅಜ್ಜಾ, ಇಡ್ಲಿ ಮದ್ರಾಸಿನವರದ್ದು ಅಲ್ವಾ? ಶಾಲೆಯಲ್ಲಿ ಎಲ್ಲರೂ ಹಾಗೇ ಹೇಳ್ತಾರೆ” ಎಂದಳು. ಅಜ್ಜ ನಕ್ಕು ಸುಮ್ಮನಾದರು. ನಮಗೂ ಆ ಕ್ಷಣಕ್ಕೆ ಸರಿಯಾದ ಉತ್ತರ ಹೊಳೆಯಲಿಲ್ಲ. ಒಂದು ತಿಂಡಿ ಯಾರದು? ಅದನ್ನು ಮೊದಲು ಮಾಡಿದವರದೇ, ಹೊತ್ತು ತಂದವರದೇ, ಇಂದು ಪ್ರೀತಿಯಿಂದ ತಿನ್ನುವವರದೇ? ಈ ಲೇಖನ ಆ ಬಾಲಕಿಗೆ ಕೊಡಬೇಕಾಗಿದ್ದ ಉತ್ತರವನ್ನು ಹುಡುಕುವ ಒಂದು ಸಣ್ಣ ಪ್ರಯತ್ನ.

ಮೊದಲು ಇಡ್ಲಿಯ ವಿಷಯ. ಕನ್ನಡದಲ್ಲಿ ಇಂದು ದೊರೆಯುವ ಅತಿ ಪ್ರಾಚೀನ ಗದ್ಯಗ್ರಂಥಗಳಲ್ಲಿ ಪ್ರಮುಖವಾದುದು, ಸುಮಾರು ಕ್ರಿ.ಶ. 920ರ ಶಿವಕೋಟ್ಯಾಚಾರ್ಯರ ವಡ್ಡಾರಾಧನೆ. ಅದರಲ್ಲಿ ‘ಇಡ್ಡಲಿಗೆ’ಯ ಹೆಸರು ಬರುತ್ತದೆ. ಮನೆಗೆ ಬಂದ ಅತಿಥಿಗೆ ಬಡಿಸುವ ತಿನಿಸುಗಳ ಸಾಲಿನಲ್ಲಿ ಅದು ಸೇರಿದೆ ಎಂಬುದು ಗಮನಿಸತಕ್ಕ ಸಂಗತಿ. ಸುಮಾರು ಒಂದು ಶತಮಾನದ ನಂತರ, 1025ರ ಸುಮಾರಿಗೆ, ಎರಡನೆಯ ಚಾವುಂಡರಾಯನು ತನ್ನ ಲೋಕೋಪಕಾರದಲ್ಲಿ ಅದನ್ನು ಮಾಡುವ ಕ್ರಮವನ್ನೇ ತಿಳಿಸುತ್ತಾನೆ: ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ರುಬ್ಬಿ, ಮೊಸರಿನ ತಿಳಿ, ಮೆಣಸು, ಜೀರಿಗೆ, ಕೊತ್ತಂಬರಿ, ಇಂಗುಗಳನ್ನು ಬೆರೆಸಬೇಕು. 12ನೇ ಶತಮಾನದಲ್ಲಿ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಇಡ್ಲಿಯ ಜೊತೆಗೆ ದೋಸೆ, ವಡೆಗಳ ಪೂರ್ವಜರೂ ಕಾಣಿಸಿಕೊಳ್ಳುತ್ತಾರೆ. ಆದರೆ ಈ ಹಳೆಯ ವಿವರಣೆಗಳಲ್ಲಿ ಅಕ್ಕಿಯ ಮಾತಿಲ್ಲ. ಅಕ್ಕಿ ಬೆರೆಸಿ, ಹುಳಿ ಬರಿಸಿ, ಆವಿಯಲ್ಲಿ ಬೇಯಿಸುವ ಇಂದಿನ ಮೃದುವಾದ ಇಡ್ಲಿ ದಕ್ಷಿಣದ ಅನೇಕ ಮನೆಗಳ ಕೈಪಳಗಿ ಬಂದದ್ದು. ಆದುದರಿಂದ ಇಡ್ಲಿಯ ಹಳೆಯ ದಾಖಲೆ ಕನ್ನಡದ್ದು ಎಂದು ಹೆಮ್ಮೆಪಡಬಹುದೇ ಹೊರತು, ಇಡ್ಲಿ ನಮ್ಮೊಬ್ಬರದೇ ಎಂದು ಹಟ ಹಿಡಿಯುವಂತಿಲ್ಲ.

ಉತ್ತರ ಭಾರತದ ಹೆಮ್ಮೆಯಾದ ಸಮೋಸದ ಕಥೆಯೂ ಹೀಗೆಯೇ. ಅದರ ಹೆಸರು ಪಾರಸಿ ಮೂಲದ್ದು. 14ನೇ ಶತಮಾನದಲ್ಲಿ ಮಹಮ್ಮದ್ ಬಿನ್ ತುಘಲಕ್‌ನ ಆಸ್ಥಾನಕ್ಕೆ ಬಂದ ಪ್ರವಾಸಿ ಇಬ್ನ್ ಬತೂತಾ, ಅಲ್ಲಿನ ಭೋಜನದಲ್ಲಿ ಕೊಚ್ಚಿದ ಮಾಂಸ, ಬಾದಾಮಿ, ಪಿಸ್ತಾಗಳನ್ನು ತೆಳುವಾದ ಹಿಟ್ಟಿನ ಹಾಳೆಯಲ್ಲಿ ಸುತ್ತಿ ತುಪ್ಪದಲ್ಲಿ ಕರಿದ ತಿನಿಸನ್ನು ಬಣ್ಣಿಸಿದ್ದಾನೆ. ಆಗ ಅದರೊಳಗೆ ಆಲೂಗಡ್ಡೆ ಇರಲು ಸಾಧ್ಯವೇ ಇರಲಿಲ್ಲ. ದಕ್ಷಿಣ ಅಮೆರಿಕದ ಆ ಗೆಡ್ಡೆ ನಮ್ಮ ದೇಶಕ್ಕೆ ಬಂದದ್ದು ಶತಮಾನಗಳ ನಂತರ, ಯುರೋಪಿನವರ ಹಡಗುಗಳಲ್ಲಿ. ಸುಲ್ತಾನರ ಪಂಕ್ತಿಯ ಮಾಂಸದ ಭಕ್ಷ್ಯವು ಆಲೂಗಡ್ಡೆ, ಬಟಾಣಿ ತುಂಬಿಕೊಂಡು ಇಂದು ಸಸ್ಯಾಹಾರಿಗಳ ಸಂಜೆಯ ತಿಂಡಿಯಾಗಿದೆ.

ಮುಂಬಯಿಯ ವಡಾ ಪಾವ್ ಅನ್ನು ಬಿಡಿಸಿ ನೋಡಿದರೆ ಇನ್ನೂ ಆಶ್ಚರ್ಯವಾಗುತ್ತದೆ. 1966ರಲ್ಲಿ ದಾದರ್ ರೈಲು ನಿಲ್ದಾಣದ ಹೊರಗೆ ಅಶೋಕ್ ವೈದ್ಯ ಎಂಬವರು ಅದನ್ನು ಮಾರಲು ಆರಂಭಿಸಿದರೆಂಬುದು ಸಾಮಾನ್ಯವಾಗಿ ಹೇಳಲಾಗುವ ಮಾತು. ಅದರಲ್ಲಿರುವ ಬಟಾಟೆ ಅಮೆರಿಕ ಖಂಡದಿಂದ ಬಂದದ್ದು, ಹೆಸರು ಪೋರ್ಚುಗೀಸರದ್ದು. ಮೆಣಸಿನಕಾಯಿ, ಒಣ ಚಟ್ನಿಯ ನೆಲಗಡಲೆ ಕೂಡ ಆ ಖಂಡದವೇ. ಪಾವ್ ಎಂಬ ಪದ ಪೋರ್ಚುಗೀಸ್ ಭಾಷೆಯದು. ಅದನ್ನು ಮುಂಬಯಿಗೆ ಪರಿಚಯಿಸಿದವರು ಗೋವೆಯ ಬೇಕರಿಯವರು. ಕಡಲೆಹಿಟ್ಟಿನಲ್ಲಿ ಅದ್ದಿ ಕರಿಯುವ ಪದ್ಧತಿ ನಮ್ಮ ನೆಲದ್ದು. ಇಷ್ಟೆಲ್ಲ ದೂರದ ವಸ್ತುಗಳು ಸೇರಿ ಮರಾಠಿ ಕಾರ್ಮಿಕನ ಕೈಗೆಟಕುವ ಬೆಲೆಯ ತಿಂಡಿಯಾದವು. ಇಂದು ಅದನ್ನು ಮಹಾರಾಷ್ಟ್ರದ್ದಲ್ಲ ಎಂದು ಯಾರು ಹೇಳಿಯಾರು?

ವಸ್ತು ಒಂದೇ ಆಗಿ ಹೆಸರು ಹಲವಾಗುವುದಕ್ಕೂ ಉದಾಹರಣೆಯಿದೆ. ಮಂಡಕ್ಕಿಯನ್ನೇ ನೋಡಿ. ಕೋಲ್ಕತ್ತದಲ್ಲಿ ಅದು ಸಾಸಿವೆ ಎಣ್ಣೆಯ ಘಾಟಿನ ಝಾಲ್‌ಮುಡಿ, ಮುಂಬಯಿಯ ಚೌಪಾಟಿಯಲ್ಲಿ ಹುಣಸೆ ಚಟ್ನಿಯ ಭೇಲ್, ಮೈಸೂರಿನಲ್ಲಿ ಕ್ಯಾರೆಟ್ ತುರಿಯ ಚುರುಮುರಿ, ಹುಬ್ಬಳ್ಳಿ ಧಾರವಾಡಗಳಲ್ಲಿ ಮಿರ್ಚಿ ಭಜಿಯ ಜೊತೆಗಾರನಾದ ಗಿರ್ಮಿಟ್. ಹುರಿದ ಅಕ್ಕಿಯ ಹಗುರವಾದ ಒಂದು ಹಿಡಿ, ಪ್ರತಿ ಊರಿನ ನಾಲಿಗೆಗೆ ತಕ್ಕಂತೆ ವೇಷ ಬದಲಿಸಿದೆ.

ಹೀಗೆ ತಿಂಡಿಗಳು ತಾವಾಗಿಯೇ ನಡೆದು ಬರುವುದಿಲ್ಲ; ಅವನ್ನು ಮನುಷ್ಯರು ಹೊತ್ತು ತರುತ್ತಾರೆ. ಇಡ್ಲಿ, ದೋಸೆಗಳನ್ನು ಇಡೀ ದೇಶದ ತಿಂಡಿಯಾಗಿಸಿದವರಲ್ಲಿ ನಮ್ಮ ಕರಾವಳಿಯ ಜನರ ಪಾಲು ದೊಡ್ಡದು. ಮಠ, ದೇವಾಲಯಗಳ ಪಾಕಶಾಲೆಯಲ್ಲಿ ಕೈ ಪಳಗಿದವರು, ತುಂಡು ಭೂಮಿಯಲ್ಲಿ ಬದುಕು ಸಾಗದವರು, ಓದು ಅರ್ಧಕ್ಕೆ ನಿಲ್ಲಿಸಿದ ಹುಡುಗರು ಉಡುಪಿ, ಮಂಗಳೂರು, ಕುಂದಾಪುರಗಳಿಂದ ಹೊರಟರು. ಎ. ರಾಮ ನಾಯಕರು ಮುಂಬಯಿಯ ಮಾಟುಂಗಾದಲ್ಲಿ 1936ರಲ್ಲಿ ಕೆಫೆ ಮೈಸೂರನ್ನೂ, 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗನ್ನೂ ಆರಂಭಿಸಿದರು. ಚೆನ್ನೈಯಲ್ಲಿ ಕೆ. ಕೃಷ್ಣರಾಯರು 1930ರ ದಶಕದ ಕೊನೆಯಲ್ಲಿ ವುಡ್‌ಲ್ಯಾಂಡ್ಸ್ ಕಟ್ಟಿದರು. 1962ರಲ್ಲಿ ತೆರೆದ ಅಲ್ಲಿನ ಡ್ರೈವ್-ಇನ್ ವುಡ್‌ಲ್ಯಾಂಡ್ಸ್ 2008ರಲ್ಲಿ ಮುಚ್ಚಿದಾಗ ತಮಿಳರೇ ಹೆಚ್ಚು ನೊಂದುಕೊಂಡರು. ಪುಣೆಯ ವೈಶಾಲಿಯನ್ನು ಮನೆಮಾತಾಗಿಸಿದ ಜಗನ್ನಾಥ ಶೆಟ್ಟಿಯವರು 2023ರಲ್ಲಿ ತೀರಿಕೊಂಡಾಗ ಅಲ್ಲಿನ ಮರಾಠಿ ಪತ್ರಿಕೆಗಳು ಅವರನ್ನು ತಮ್ಮವರೆಂದೇ ಸ್ಮರಿಸಿದವು.

ಈ ಇತಿಹಾಸದಲ್ಲಿ ಮರೆಮಾಚಬಾರದ ಒಂದು ಅಂಶವೂ ಇದೆ. ಹಿಂದೆ ಹಲವು ಊರುಗಳ ಉಪಾಹಾರ ಗೃಹಗಳಲ್ಲಿ ಬ್ರಾಹ್ಮಣರಿಗೆ ಬೇರೆ ಪಂಕ್ತಿ, ಕೆಲವು ಜಾತಿಗಳವರಿಗೆ ಪ್ರವೇಶವೇ ಇಲ್ಲ ಎಂಬ ಪದ್ಧತಿಯಿತ್ತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೇ ವಿಧಿಯು ಅಂಗಡಿ, ಉಪಾಹಾರ ಗೃಹ, ಹೋಟೆಲುಗಳನ್ನು ಹೆಸರಿಸಿಯೇ ಆ ತಾರತಮ್ಯವನ್ನು ನಿಷೇಧಿಸಿತು. ಒಂದೇ ಮೇಜಿನ ಸುತ್ತ ಅಪರಿಚಿತರು ಕುಳಿತು ಒಂದೇ ಬಕೆಟ್ಟಿನ ಸಾಂಬಾರನ್ನು ಬಡಿಸಿಕೊಳ್ಳುವುದು ಇಂದು ಸಹಜವೆನಿಸಿದೆ. ಅದು ಸಹಜವಾಗಲು ಬಹಳ ಕಾಲ ಹಿಡಿಯಿತು ಎಂಬುದನ್ನು ನಮ್ಮ ಮಕ್ಕಳು ತಿಳಿದಿರಬೇಕು.

ಉಡುಪಿ ಹೋಟೆಲಿನವರು ಪರಊರಿನಲ್ಲಿ ಬೇರೂರಲು ಮುಖ್ಯ ಕಾರಣ, ಅವರು ಕೊಟ್ಟಷ್ಟೇ ಪಡೆದುಕೊಂಡರು ಎಂಬುದು. ಜೈನರಿಗಾಗಿ ಈರುಳ್ಳಿ, ಆಲೂಗಡ್ಡೆ ಬಿಟ್ಟು ಬಾಳೆಕಾಯಿ ಪಲ್ಯದ ಮಸಾಲೆ ದೋಸೆ ಮಾಡಿದರು. ಉಪವಾಸದ ದಿನಗಳಲ್ಲಿ ಸಾಬೂದಾಣೆ ವಡೆ ಇಟ್ಟರು. ಪಾವ್ ಭಾಜಿಗೂ ಕಾವಲಿ ಕಾಯಿಸಿದರು. ನಮ್ಮ ‘ಉದ್ದಿನ ವಡೆ’ ಮುಂಬಯಿಯಲ್ಲಿ ‘ಮೆದು ವಡಾ’ ಆಗಿ, ಕನ್ನಡಿಗರ ಕಿವಿಗೆ ಚೆನ್ನಾಗಿ ಪರಿಚಿತವಾದ ‘ಮೆದು’ ಎಂಬ ಮಾತನ್ನು ಗುಜರಾತಿಗಳ ಬಾಯಲ್ಲೂ ಆಡಿಸಿತು. ಬ್ಯಾಂಕಿನ ಮಧ್ಯಾಹ್ನದ ಬಿಡುವಿನಲ್ಲಿ ಡಬ್ಬಿ ತೆರೆಯುವ ಮರಾಠಿ ಸಹೋದ್ಯೋಗಿ ‘ಉಪ್ಪೀಟ್’ ಎಂದಾಗ, ಅದು ನಮ್ಮ ಉಪ್ಪಿಟ್ಟು ಎಂದು ಅವರಿಗೂ ಗೊತ್ತಿರುವುದಿಲ್ಲ, ಎಷ್ಟೋ ಸಲ ನಮಗೂ ನೆನಪಾಗುವುದಿಲ್ಲ. ಪ್ರತಿಯಾಗಿ, ನಾವು ಅಭಿಮಾನದಿಂದ ಹಂಚುವ ಧಾರವಾಡ ಪೇಡೆಯನ್ನು ಆ ಊರಿಗೆ ತಂದವರು 19ನೇ ಶತಮಾನದಲ್ಲಿ ಉತ್ತರ ಪ್ರದೇಶದ ಉನ್ನಾವ್‌ನಿಂದ ಬಂದ ಠಾಕೂರ್ ಮನೆತನದವರು. ವಲಸೆ ಹೋದವರನ್ನು ಮಾತ್ರವಲ್ಲ, ವಲಸೆ ಬಂದವರನ್ನೂ ಕನ್ನಡ ನಾಡು ತನ್ನವರನ್ನಾಗಿಸಿಕೊಂಡಿದೆ.

ಈಗಿನ ಸ್ಥಿತಿ ಬೇರೆ. ಹೋಟೆಲಿನ ಮಾಲೀಕರ ಮಕ್ಕಳು ಬೇರೆ ವೃತ್ತಿ ಹಿಡಿಯುತ್ತಿದ್ದಾರೆ; ಹಳೆಯ ಹೋಟೆಲುಗಳು ಒಂದೊಂದಾಗಿ ಕೈಬದಲಾಗುತ್ತಿವೆ. ಮನೆಯಲ್ಲಿ ರುಬ್ಬುವ ಕಲ್ಲಿನ ಜಾಗಕ್ಕೆ ಮೊದಲು ಯಂತ್ರ ಬಂತು, ಈಗ ಹಿಟ್ಟೇ ಪೊಟ್ಟಣದಲ್ಲಿ ಬರುತ್ತಿದೆ. ಇದರಲ್ಲಿ ದುಃಖಪಡುವಂಥದ್ದೇನೂ ಇಲ್ಲ. ದುಡಿಯುವ ತಾಯಂದಿರ ತೋಳಿಗೆ ವಿಶ್ರಾಂತಿ ಸಿಕ್ಕಿತು. ಆದರೆ ಹಿಂದೆ ರುಬ್ಬುವಾಗ ಹೇಳುತ್ತಿದ್ದ ಕಥೆ ಪೊಟ್ಟಣದೊಳಗೆ ಬರುವುದಿಲ್ಲ. ಅದನ್ನು ನಾವೇ ಹೇಳಬೇಕು. ಅಜ್ಜಿಯ ಕೈಯ ಅಳತೆಯನ್ನು ಅವರಿರುವಾಗಲೇ ಬರೆದಿಟ್ಟುಕೊಳ್ಳುವುದು, ಸಂಘದ ಹಬ್ಬಗಳಲ್ಲಿ ಗುತ್ತಿಗೆಯ ಊಟದ ಜೊತೆಗೆ ಒಂದಾದರೂ ಮನೆಯ ತಿಂಡಿ ಇರುವಂತೆ ನೋಡಿಕೊಳ್ಳುವುದು, ನೆರೆಯ ಮರಾಠಿ, ತಮಿಳು, ತೆಲುಗು, ಪಂಜಾಬಿ ಮನೆಗಳವರನ್ನು ಅದಕ್ಕೆ ಕರೆಯುವುದು ಕಷ್ಟದ ಕೆಲಸಗಳಲ್ಲ.

ಆ ಬಾಲಕಿ ಮತ್ತೆ ಕೇಳಿದರೆ ನಾವು ಹೀಗೆ ಹೇಳುತ್ತೇವೆ: ಇಡ್ಲಿ ಮದ್ರಾಸಿನವರದ್ದೂ ಹೌದು, ನಮ್ಮದೂ ಹೌದು ಮಗೂ. ಸಾವಿರದ ನೂರು ವರ್ಷಗಳ ಹಿಂದೆ ಕನ್ನಡದ ಪುಸ್ತಕವೊಂದರಲ್ಲಿ ಅದರ ಹೆಸರು ಬರೆದಿದ್ದಾರೆ. ಅಲ್ಲಿಯೂ ಅದನ್ನು ಮನೆಗೆ ಬಂದವರಿಗೆ ಬಡಿಸಿದ್ದಾರೆ. ನಾಳೆ ನಿನ್ನ ಗೆಳತಿಯನ್ನೂ ತಿಂಡಿಗೆ ಕರೆ. ಅವಳ ಡಬ್ಬಿಯಲ್ಲಿ ಏನಿದೆಯೋ ಅದನ್ನೂ ಕೇಳಿ ತಿನ್ನು.